ನೆನಪು ಟಿಕೆಟ್ಟಲ್ಲ

ಒಂದೇ ಬಸ್ಸಿನಲ್ಲಿ ಒಬ್ಬನೇ ಮನುಷ್ಯನ ಟಿಕೆಟ್ಟನ್ನು ನಾನು ಮೂರು ಸಲ ಕೇಳಿದೆನಂತೆ. ಮೊದಲ ಸಲ ಸುಮ್ಮನೆ ಕೊಟ್ಟನಂತೆ, ಎರಡನೆಯ ಸಲ ನಗುತ್ತ ಕೊಟ್ಟನಂತೆ. 'ಅಂತೆ' ಯಾಕೆಂದರೆ ನನಗೆ ಗೊತ್ತಿರುವುದು ಮೂರನೆಯದು ಮಾತ್ರ. ಆಗ ಅವನು ಪಕ್ಕದವರಿಗೆ ಕಣ್ಣು ಹೊಡೆದು, "ಮೇಡಂ, ಇನ್ನೊಂದು ಹೊಡೆದ್ರೆ ಟಿಕೆಟ್ ಉಳಿಯಲ್ಲ, ಬರೀ ತೂತೇ ಉಳಿಯತ್ತೆ" ಅಂದ. ಹಿಂದಿನ ಸೀಟಿನವರೆಗೂ ನಗು ಹರಡಿತು. ನಾನು ಟಿಕೆಟ್ಟನ್ನು ಇಸಿದುಕೊಂಡು ಬೆಳಕಿಗೆ ಹಿಡಿದೆ. ಎರಡು ತೂತುಗಳಿದ್ದವು. ಎರಡೂ ಅರ್ಧಚಂದ್ರ.

ನಮ್ಮಲ್ಲಿ ಟಿಕೆಟ್ ತನಿಖೆ ಮಾಡುವವರಿಗೆ ಒಂದೊಂದು ಪಂಚ್ ಕೊಡುತ್ತಾರೆ, ಅಂಗೈಯಲ್ಲಿ ಹಿಡಿದು ಒತ್ತುವ ಸಣ್ಣ ಕಬ್ಬಿಣದ ಯಂತ್ರ. ಒಬ್ಬರದು ನಕ್ಷತ್ರ, ಒಬ್ಬರದು ಚೌಕ. ಯಾರು ನೋಡಿದ ಟಿಕೆಟ್ಟೆಂದು ತೂತಿನಿಂದಲೇ ತಿಳಿಯಬೇಕು. ನನ್ನದು ಅರ್ಧಚಂದ್ರ. ಡಿಪೋದಲ್ಲಿ ನನಗೆ ಪಂಚಕ್ಕ ಎಂದೇ ಹೆಸರು. ಪಂಚಕ್ಕ ಟಿಕೆಟ್ಟಿಗೂ ಅರ್ಧಚಂದ್ರ ಹಾಕುತ್ತಾಳೆ, ಟಿಕೆಟ್ ಇಲ್ಲದವನ ಕುತ್ತಿಗೆಗೂ ಅರ್ಧಚಂದ್ರ ಹಾಕುತ್ತಾಳೆ ಎಂದು ಕಂಡಕ್ಟರುಗಳು ನನ್ನ ಬೆನ್ನ ಹಿಂದೆ ತಮಾಷೆ ಮಾಡುತ್ತಿದ್ದರು. ಎದುರಿಗೇ ಮಾಡಿದ್ದರೂ ನಾನು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಆದರೆ ಆ ದಿನದ ಆ ಎರಡು ತೂತುಗಳು ತಮಾಷೆಯಾಗಿರಲಿಲ್ಲ. ಅವನ್ನು ಹೊಡೆದದ್ದು ನನ್ನ ಕೈ. ನನಗೆ ಮಾತ್ರ ಅದರ ಸುದ್ದಿಯೇ ಇರಲಿಲ್ಲ.

ಮುಂದಿನ ನಿಲ್ದಾಣದಲ್ಲಿ ಇಳಿದುಬಿಟ್ಟೆ. ಇಳಿದ ಮೇಲೆ ಬಸ್ಸು ಯಾವ ಕಡೆಯಿಂದ ಬಂದಿತ್ತು, ನಾನು ಯಾವ ಕಡೆ ಹೋಗಬೇಕು ಎಂದೇ ತಿಳಿಯಲಿಲ್ಲ. ಎದುರಿಗೆ ಒಂದು ಔಷಧದಂಗಡಿ, ಒಂದು ಬೀಗ ಹಾಕಿದ ಗೇಟು, ಒಂದು ಕಬ್ಬಿಣದ ಬೆಂಚು. ಸಾವಿರ ಸಲ ಕಂಡ ಜಾಗವೇ ಇರಬೇಕು. ಬೆಂಚಿನ ಮೇಲೆ ಕೂತು, ಯಾರೋ ಪರಿಚಯದವರು ಬರಲಿ, ನನ್ನನ್ನು ಹೆಸರು ಹಿಡಿದು ಕೂಗಲಿ ಎಂದು ಕಾದೆ.

ಒಂದು ವಿಷಯ ಮುಚ್ಚಿಟ್ಟು ಕತೆ ಹೇಳುವುದು ಬೇಡ. ಆ ಬೆಳಗ್ಗೆ ಡ್ಯೂಟಿಗೆ ಹೊರಡುವ ಮೊದಲು ನಾನು ಗಾಂಜಾ ಸೇದಿದ್ದೆ. ಹಿಂದಿನ ದಿನವೂ ಸೇದಿದ್ದೆ, ಅದರ ಹಿಂದಿನ ದಿನವೂ.

ಮೊಮ್ಮಕ್ಕಳನ್ನು ಕಾಣುವ ವಯಸ್ಸಿನ ನನ್ನಂಥ ಹೆಂಗಸಿಗೆ ಈ ಚಟ ಎಲ್ಲಿಂದ ಅಂಟಿತು ಎಂದು ಕೇಳಬಹುದು. ಅಮ್ಮ ಸತ್ತ ಮೇಲೆ ನನಗೆ ನಿದ್ದೆ ಹಾರಿಹೋಗಿತ್ತು. ನಮ್ಮ ಡಿಪೋದಲ್ಲಿ ಸಡನ್ ಬ್ರೇಕ್ ಎಂದು ಕರೆಯುತ್ತಿದ್ದ ಒಬ್ಬ ಡ್ರೈವರ್ ಇದ್ದ. ಅವನು ಬ್ರೇಕ್ ಹಾಕಿದರೆ ಕೊನೆಯ ಸೀಟಿನವರು ಮೊದಲ ಸೀಟಿನವರ ಮಡಿಲಲ್ಲಿರುತ್ತಿದ್ದರು. ನಿವೃತ್ತನಾಗಿ ತಾರಸಿಯ ಮೇಲೆ ಕುಂಡಗಳಲ್ಲಿ ಗಿಡ ಬೆಳೆಸಿಕೊಂಡು ಆರಾಮಾಗಿದ್ದ. ನನ್ನ ಕಣ್ಣಿನ ಸುತ್ತಲ ಕಪ್ಪು ನೋಡಿ, "ತಂಗೀ, ಇದು ಬರೀ ಸೊಪ್ಪು. ಮಾತ್ರೆಗಿಂತ ವಾಸಿ" ಎಂದು ಪೊಟ್ಟಣ ಕೊಟ್ಟ. ಮೊದಲ ಸಂಜೆ ಸೇದಿದಾಗ ತಲೆಯೊಳಗಿನ ಗಲಾಟೆಯನ್ನು ಯಾರೋ ಬಾಗಿಲು ಎಳೆದು ಹೊರಗೆ ಹಾಕಿದ ಹಾಗಾಯಿತು. ಹಾಯಾಗಿ ಮಲಗಿದೆ. ಆಮೇಲೆ ಸಂಜೆಗೆ ಒಂದು ಸಾಲದೆ ಎರಡಾಯಿತು, ಎರಡು ಸಾಲದೆ ಬೆಳಗ್ಗೆಯೂ ಬಂತು. ತಾರಸಿಯಲ್ಲಿ ನೀರಿನ ತೊಟ್ಟಿಯ ಹಿಂದೆ ನಿಂತು ಸೇದಿ, ಬಾಯಿಗೆ ಲವಂಗ ಹಾಕಿಕೊಂಡು ಇಳಿದು ಬರುತ್ತಿದ್ದೆ. ಬಟ್ಟೆ ಒಣಗಿಸಲು ಹೋಗಿದ್ದೆ ಎನ್ನುತ್ತಿದ್ದೆ. ನಮ್ಮ ಮನೆಯಲ್ಲಿ ಅಷ್ಟು ಬಟ್ಟೆಯೇ ಇರಲಿಲ್ಲ.

ಇನ್ನು ಅಮ್ಮನ ವಿಷಯ. ಅವಳಿಗೆ ಮರೆವಿನ ಕಾಯಿಲೆ. ಮೊದಲು ಒಲೆಯ ಮೇಲಿಟ್ಟ ಪಾತ್ರೆ ಮರೆತಳು, ಆಮೇಲೆ ದಾರಿ, ಆಮೇಲೆ ನಮ್ಮನ್ನು. ನಾನು ಯೂನಿಫಾರ್ಮಿನಲ್ಲಿ ಮನೆಗೆ ಬಂದರೆ ಸಾಕು, ಮಂಚದ ಮೂಲೆಗೆ ಸರಿದು ನಡುಗುತ್ತ, ಹಾಸಿಗೆಯ ಕೆಳಗೆ, ದಿಂಬಿನೊಳಗೆ, ತನ್ನ ಬಟ್ಟೆಯ ಮಡಿಕೆಗಳಲ್ಲಿ ಹುಡುಕತೊಡಗುತ್ತಿದ್ದಳು. ಟಿಕೆಟ್ ಹುಡುಕುತ್ತಿದ್ದಳು. ಹೆತ್ತ ಮಗಳು ಅವಳಿಗೆ ಚೆಕಿಂಗಿನವಳಾಗಿಯಷ್ಟೇ ಉಳಿದಿದ್ದಳು. "ತಗೊಂಡಿದ್ದೆ ಕಣಮ್ಮ, ನಿಜವಾಗ್ಲೂ ತಗೊಂಡಿದ್ದೆ" ಎಂದು ನನಗೇ ಕೈ ಮುಗಿಯುತ್ತಿದ್ದಳು. ನಾನು ಕ್ಯಾಲೆಂಡರಿನ ಹಾಳೆ ಹರಿದು ಅವಳ ಕೈಗೆ ಕೊಟ್ಟು, ಮತ್ತೆ ಇಸಿದುಕೊಂಡು ಅರ್ಧಚಂದ್ರ ಹೊಡೆದು, ಸರಿ ಇದೆ, ಕೂತ್ಕೊಳ್ಳಿ ಎನ್ನುತ್ತಿದ್ದೆ. ಆಗ ಮಾತ್ರ ಅವಳ ಮುಖ ಸಡಿಲಾಗುತ್ತಿತ್ತು.

ಅದೇ ಹಾದಿಯಲ್ಲಿ ನಾನೂ ಹೊರಟಿದ್ದೇನೆ ಎನ್ನುವುದೇ ನನ್ನ ಭಯ. ಬೆಂಚಿನ ಮೇಲೆ ಕೂತಾಗ ನನ್ನನ್ನು ಹಿಡಿದದ್ದು ಅದೇ ಭಯ. ಭಯ ಹೋಗಲೆಂದು ಆ ಸಂಜೆ ಮತ್ತೆ ತಾರಸಿಗೆ ಹೋದೆ. ಅಂದು ಹೊಗೆ ಭಯವನ್ನು ಹೊರಗೆ ಹಾಕಲಿಲ್ಲ, ಅದನ್ನೂ ನನ್ನ ಜೊತೆ ಒಳಗೆ ಕೂಡಿ ಚಿಲಕ ಹಾಕಿತು. ಕೆಳಗೆ ಯಾರೋ ಮೆಟ್ಟಿಲು ಹತ್ತುತ್ತಿದ್ದರು. ಅವರು ಹತ್ತುತ್ತಲೇ ಇದ್ದರು, ಮೇಲೆ ಬರಲೇ ಇಲ್ಲ. ಎಷ್ಟೋ ಯುಗ ಕಳೆಯಿತು ಅನ್ನಿಸಿ ಗಡಿಯಾರ ನೋಡಿದರೆ ಮುಳ್ಳು ಚೂರೇ ಸರಿದಿತ್ತು. ತೊಟ್ಟಿಗೆ ಬೆನ್ನು ಕೊಟ್ಟು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೂತಿದ್ದೆ.

ಮಗಳು ಊರಿನ ಆ ತುದಿಯಲ್ಲಿ ಹಲ್ಲಿನ ಸೆಟ್ಟು ಮಾಡುವ ಕಾರ್ಖಾನೆಯಲ್ಲಿದ್ದಾಳೆ. ಅವಳಪ್ಪ ಹೋದಾಗ ಅವಳಿನ್ನೂ ಹಾಲುಹಲ್ಲಿನ ಕೂಸು, ಈಗ ಊರವರಿಗೆಲ್ಲ ಹಲ್ಲು ಮಾಡಿಕೊಡುತ್ತಾಳೆ. ಬೇರೆ ಊರಿನಲ್ಲಿ ತೆರೆಯುವ ಹೊಸ ಶಾಖೆಯನ್ನು ಅವಳೇ ನೋಡಿಕೊಳ್ಳಬೇಕೆಂದು ಮಾಲೀಕರು ಹೇಳಿದ್ದರು. ಕೆಲಸದ ಹತ್ತಿರವೇ ರೂಮು ಮಾಡಿಕೊಂಡು, ರಜೆಯ ದಿನ ಬಂದು ಹೋಗುತ್ತಿದ್ದಳು. ಬಂದಾಗಲೆಲ್ಲ ಅವಳ ಕಣ್ಣಿಗೆ ಒಂದಲ್ಲ ಒಂದು ಬೀಳುತ್ತಿತ್ತು. ತಳ ಸುಟ್ಟ ಪಾತ್ರೆಯನ್ನು ನಾನು ಕಪಾಟಿನ ಹಿಂದೆ ತುರುಕಿದ್ದು ಸಿಕ್ಕಿತು. ಶಾಖೆ ಯಾವಾಗ ತೆರೆಯುತ್ತದೆ ಎಂದು ಒಂದೇ ಊಟದಲ್ಲಿ ಮತ್ತೆ ಮತ್ತೆ ಕೇಳಿದೆನಂತೆ. ಅವಳು ಪ್ರತಿ ಸಲವೂ ಹೊಸದಾಗಿ ಹೇಳುವವಳ ಹಾಗೆ ಹೇಳಿದಳು. ಆ ತಾಳ್ಮೆ ನನಗೆ ಗುರುತು ಸಿಕ್ಕಿತು. ಅಮ್ಮನ ಜೊತೆ ನಾನು ಮಾತಾಡುತ್ತಿದ್ದ ದನಿ ಅದು.

ಬಸ್ಸಿನ ಸಂಗತಿ ಡಿಪೋದವರಿಂದ ಅವಳ ಕಿವಿಗೂ ಮುಟ್ಟಿತು. ನನ್ನನ್ನು ರಜೆಯ ಮೇಲೆ ಕಳಿಸಿದರು. ಪಂಚನ್ನೂ ಪಾಸನ್ನೂ ಕಚೇರಿಯಲ್ಲೇ ಇಟ್ಟುಕೊಂಡರು. ಮಗಳು ಮಾತು ಬೆಳೆಸದೆ ಮರೆವಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಆ ಬೆಳಗ್ಗೆಯೂ ನಾನು ತೊಟ್ಟಿಯ ಹಿಂದೆ ಹೋಗಿದ್ದೆ. ಹೆದರಿದವಳು ಇನ್ನೆಲ್ಲಿಗೆ ಹೋಗುತ್ತಾಳೆ?

ಡಾಕ್ಟರು ನನಗಿಂತ ಎಷ್ಟೋ ಚಿಕ್ಕವಳು, ನಿಧಾನದ ಮಾತಿನವಳು. ಐದು ಪದ ಹೇಳಿ, ಇವನ್ನು ಆಮೇಲೆ ಕೇಳುತ್ತೇನೆ, ನೆನಪಿಟ್ಟುಕೊಳ್ಳಿ ಅಂದಳು. ಗಡಿಯಾರದ ಚಿತ್ರ ಬರೆಸಿದಳು, ಲೆಕ್ಕ ಹಾಕಿಸಿದಳು. ನಡುವೆ, ಅಷ್ಟೇನೂ ಮುಖ್ಯವಲ್ಲ ಎನ್ನುವ ಹಾಗೆ, ಮದ್ಯ, ತಂಬಾಕು, ಬೇರೆ ಏನಾದರೂ ಅಭ್ಯಾಸ ಎಂದು ಶುರು ಮಾಡಿದಳು. ಅವಳ ಮಾತು ಮುಗಿಯುವ ಮೊದಲೇ ನಾನು ಇಲ್ಲ ಅಂದೆ.

ನನ್ನ ಕೆಲಸದಲ್ಲಿ ಕಲಿತ ಮೊದಲ ಪಾಠ ಅದು. ಕೇಳುವ ಮೊದಲೇ ಟಿಕೆಟ್ ಚಾಚುವವನ ಮೇಲೆ ಕಣ್ಣಿಡಬೇಕು, ಅದು ನಿನ್ನೆಯ ಟಿಕೆಟ್ಟಿರುತ್ತದೆ. ಜನರ ಮುಖ ನೋಡಿಯೇ ಸುಳ್ಳು ಹಿಡಿಯುತ್ತಿದ್ದವಳು ನಾನು. ಟಿಕೆಟ್ ತಗೊಂಡಿದ್ದು ನೆನಪಿದೆ ಮೇಡಂ, ಎಲ್ಲೋ ಬಿದ್ದುಹೋಗಿದೆ ಎಂದು ಗೋಗರೆಯುವವರಿಗೆ ನನ್ನದೊಂದು ಸಿದ್ಧ ಉತ್ತರವಿತ್ತು. "ನೆನಪು ಟಿಕೆಟ್ಟಲ್ಲ, ಅದಕ್ಕೆ ತೂತು ಹಾಕೋಕಾಗಲ್ಲ." ಹೊಸಬರಿಗೆ ಕೆಲಸ ಕಲಿಸುವಾಗ ಈ ಮಾತನ್ನೂ ಕಲಿಸುತ್ತಿದ್ದೆ. ಇಡೀ ಆಯುಷ್ಯ ಪ್ರಶ್ನೆ ಎಂದರೆ ನನಗೆ ತಪ್ಪು ಹಿಡಿಯುವ ದಾರಿ, ಉತ್ತರ ಎಂದರೆ ತಪ್ಪಿಸಿಕೊಳ್ಳುವ ದಾರಿ. ಒಬ್ಬರು ನನ್ನ ಒಳ್ಳೆಯದಕ್ಕೇ ಪ್ರಶ್ನೆ ಕೇಳಬಹುದು ಎನ್ನುವುದು ತಲೆಗೆ ಹೊಳೆಯಲೇ ಇಲ್ಲ. ಪಕ್ಕದಲ್ಲಿ ಮಗಳು ಬೇರೆ, ನನ್ನ ಅಮ್ಮ ಟೀ ಕೂಡ ಸ್ಟ್ರಾಂಗ್ ಕುಡಿಯಲ್ಲ ಎಂದು ಸರ್ಟಿಫಿಕೇಟ್ ಕೊಡುತ್ತಿದ್ದಳು.

ಆಮೇಲೆ ಡಾಕ್ಟರು ಆ ಐದು ಪದಗಳನ್ನು ಕೇಳಿದಳು. ನಾನು ಬಾಯಿ ತೆರೆದೆ. ಒಳಗೆ ಏನೂ ಇರಲಿಲ್ಲ. ಮರೆತರೆ ನಾಲಿಗೆಯ ತುದಿಯಲ್ಲಾದರೂ ತುರಿಸಬೇಕಲ್ಲ, ಅದೂ ಇಲ್ಲ. ಪದಗಳನ್ನು ಹೇಳಿದ್ದಳು ಎನ್ನುವುದೇ ಸುಳ್ಳಿರಬೇಕು ಅನ್ನುವಷ್ಟು ಖಾಲಿ. ಡಾಕ್ಟರು ಮಗಳ ಕಡೆ ನೋಡಿದಳು, ಮಗಳು ನೆಲ ನೋಡಿದಳು. ನಿಮ್ಮ ತಾಯಿಗೂ ಇತ್ತು ಅಂದಿರಲ್ಲ, ಸ್ಕ್ಯಾನ್ ಮಾಡಿಸೋಣ, ಮಾತ್ರೆ ಶುರು ಮಾಡುವ ಬಗ್ಗೆ ಮುಂದಿನ ಸಲ ಮಾತಾಡೋಣ, ಒಬ್ಬರೇ ಇರುವುದು ಬೇಡ ಎಂದು ಡಾಕ್ಟರು ಮೆಲ್ಲಗೆ ಹೇಳಿದಳು.

ಮಗಳು ರೂಮು ಖಾಲಿ ಮಾಡಿ ಬಂದುಬಿಟ್ಟಳು. ಹೊಸ ಶಾಖೆ ಬೇಡವೆಂದು ಮಾಲೀಕರಿಗೆ ಹೇಳಿದಳಂತೆ. ಒಲೆಯ ಪಕ್ಕ ದೊಡ್ಡ ಅಕ್ಷರದಲ್ಲಿ 'ಆರಿಸು' ಎಂದು ಬರೆದು ಅಂಟಿಸಿದಳು. ನನ್ನ ಮೇಲೆ ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ, ಅವಳು ಕೂಗಾಡಲೇ ಇಲ್ಲ.

ನಾನಾದರೂ ಬಾಯಿ ಬಿಡಬೇಕಿತ್ತು. ಹೊಗೆಯಿಂದಲೇ ಹೀಗಾಗುತ್ತಿರಬಹುದು ಎಂದು ನನಗೆ ಅನುಮಾನ ಇರಲಿಲ್ಲವೆಂದಲ್ಲ. ಇತ್ತು, ಬೇಕಾದಷ್ಟಿತ್ತು. ಆ ಅನುಮಾನವೇ ನನಗೆ ಊರುಗೋಲಾಗಿತ್ತು. ಏನು ಮರೆತರೂ, ಇದು ಸೊಪ್ಪಿನ ಕೆಲಸ, ಅಮ್ಮನ ಕಾಯಿಲೆಯಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಬಿಟ್ಟುಬಿಟ್ಟರೆ? ಬಿಟ್ಟ ಮೇಲೂ ಮರೆತರೆ? ಆಗ ಅದು ಯಾರ ಕೆಲಸ ಎಂದು ಹೇಳಿಕೊಳ್ಳುವುದು? ಹಾಗಾಗಿ ತಿಳಿಯದೇ ಇರಲೆಂದೇ ಸೇದುತ್ತಿದ್ದೆ. ಇಷ್ಟು ದೊಡ್ಡ ಹೇಡಿ ನನ್ನೊಳಗಿದ್ದಾಳೆಂದು ನನಗೇ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ತಾರಸಿಯಿಂದ ಲವಂಗ ಜಗಿಯುತ್ತ ಇಳಿದು ಬಂದೆ. ಅಡುಗೆಮನೆಯಲ್ಲಿ ಮಗಳು ಪಾತ್ರೆ ತೊಳೆಯುತ್ತಿದ್ದಳು, ನನಗೆ ಬೆನ್ನು ಹಾಕಿದ್ದಳು. ನಲ್ಲಿ ನಿಲ್ಲಿಸಿ, ಗೋಡೆಯ ಗಡಿಯಾರ ನೋಡಿ, ಮೆಲುದನಿಯಲ್ಲಿ ಏನೋ ಹೇಳಿಕೊಂಡಳು. "ಏಣಿ, ನಿಂಬೆ, ಕುದುರೆ, ಬಾಗಿಲು..." ಅಲ್ಲಿಗೆ ನಿಂತಳು. ಮತ್ತೆ ಮೊದಲಿನಿಂದ ಶುರು ಮಾಡಿದಳು. ಮತ್ತೆ ಅಲ್ಲೇ ನಿಂತಳು. ಒದ್ದೆ ಕೈಯಿಂದ ಸಿಂಕಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಆ ಪದಗಳು ನನಗೆ ಗುರುತು ಸಿಗಲಿಲ್ಲ, ಆದರೆ ಗಡಿಯಾರ ನೋಡಿ ಐದನೆಯದಕ್ಕೆ ತಡಕಾಡುವ ರೀತಿಯಿಂದಲೇ, ಡಾಕ್ಟರು ನನಗೆ ಕೊಟ್ಟ ಪದಗಳು ಅವು ಎಂದು ತಿಳಿಯಿತು. ನನ್ನ ಮಗಳು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದಳು. ಅಜ್ಜಿಗಾಯಿತು, ಅಮ್ಮನಿಗಾಯಿತು, ಮುಂದಿನ ಸರದಿ ತನ್ನದು ಎಂದು ಈ ವಯಸ್ಸಿನಲ್ಲೇ ಕಾಯತೊಡಗಿದ್ದಳು. ಹೆದರಿಕೆಯನ್ನು ನಾನೊಬ್ಬಳೇ ಹೊತ್ತಿದ್ದೇನೆ ಅಂದುಕೊಂಡಿದ್ದೆ. ಅವಳ ತಲೆಯ ಮೇಲೂ ಹೊರಿಸಿದ್ದೆ, ಅದೂ ನನ್ನದೊಂದು ಸುಳ್ಳಿನಿಂದ.

"ಡಾಕ್ಟರ್ ಹತ್ರ ಸುಳ್ಳು ಹೇಳಿದೀನಿ ಕಣೆ" ಅಂದೆ. "ನಾನು ಗಾಂಜಾ ಸೇದ್ತೀನಿ. ದಿನಾ. ಆವತ್ತು ಬೆಳಗ್ಗೆ ಕೂಡ ಸೇದಿದ್ದೆ."

ಅವಳು ತಿರುಗಿ ನೋಡಿದಳು. ಮೊದಲು ನಕ್ಕಳು, ಇದೂ ಕಾಯಿಲೆಯ ಮಾತೇ ಅಂದುಕೊಂಡಿರಬೇಕು. ಅವಳ ಕೈ ಹಿಡಿದು ತಾರಸಿಗೆ ಕರೆದುಕೊಂಡು ಹೋಗಿ ತೊಟ್ಟಿಯ ಹಿಂದೆ ಬಿದ್ದಿದ್ದ ತುಂಡುಗಳನ್ನು ತೋರಿಸಿದೆ. ಅವಳು ಬಗ್ಗಿ ಒಂದು ತುಂಡನ್ನು ಎತ್ತಿ ಮೂಸಿದಳು.

"ನೀನೂ ಅಜ್ಜಿ ಥರ ಆಗ್ತೀಯ ಅಂತ ನಾನು ದಿನಾ ಸಾಯ್ತಿದೀನಿ" ಅಂದಳು. "ನೀನು ಇಲ್ಲಿ ನಿಂತು ಹೊಗೆ ಬಿಡ್ತಿದ್ಯಾ?"

ಮರುದಿನ ಬೆಳಗಾಗುತ್ತಲೇ ಅವಳು ನನ್ನ ತೋಳು ಹಿಡಿದು ಮತ್ತೆ ಡಾಕ್ಟರ ಮುಂದೆ ಕೂರಿಸಿದಳು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರನ್ನು ನಾನು ಕೂರಿಸುತ್ತಿದ್ದದ್ದೂ ಹಾಗೆಯೇ.

ಡಾಕ್ಟರಿಗೆ ಸಿಟ್ಟೇ ಬರಲಿಲ್ಲ. ಎಷ್ಟು, ಎಂದಿನಿಂದ, ಕೊನೆಯ ಸಲ ಯಾವಾಗ ಎಂದು ಕೇಳಿದಳು. ಈ ಸಲ ನಾನು ಅವಳ ಮಾತು ಮುಗಿಯುವವರೆಗೆ ಕಾದು ಉತ್ತರ ಕೊಟ್ಟೆ. ಆಮೇಲೆ ಅವಳು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ಗಾಂಜಾದಲ್ಲಿರುವಂಥದ್ದೇ ಒಂದು ವಸ್ತುವನ್ನು ನಮ್ಮ ಮಿದುಳು ತಾನೇ ತಯಾರಿಸಿಕೊಳ್ಳುತ್ತದಂತೆ. ಬೇಕಾದ ಕಡೆ, ಬೇಕಾದ ಹೊತ್ತಿಗೆ, ಚಿಟಿಕೆಯಷ್ಟು. ಒಂದು ನರಕೋಶ ಅತಿಯಾಗಿ ಕೂಗಾಡಿದರೆ, ಸಾಕು, ಮೆಲ್ಲಗೆ ಎಂದು ಹೇಳುವುದು ಅದರ ಕೆಲಸ. ಆ ಮಾತನ್ನು ಕೇಳಿಸಿಕೊಳ್ಳಲು ಕೋಶಗಳ ಮೇಲೆ ಬಾಗಿಲುಗಳಂಥವು ಇರುತ್ತವೆ. ಹೊಗೆಯಲ್ಲಿ ಬಂದದ್ದು ಅದೇ ಬಾಗಿಲುಗಳಲ್ಲಿ ಹೋಗಿ ಕೂರುತ್ತದೆ, ಆದರೆ ಊರಿಗೆ ಊರೇ ಬಾಯಿ ಮುಚ್ಚಬೇಕು ಎನ್ನುವ ಹಾಗೆ ಎಲ್ಲ ಕಡೆಯೂ ಒಟ್ಟಿಗೆ, ಗಂಟೆಗಟ್ಟಲೆ. ಹೊಸ ನೆನಪು ಕಟ್ಟುವ ಜಾಗದಲ್ಲಿ ಇಂಥ ಬಾಗಿಲುಗಳು ತುಂಬಾ ಇವೆ. ಹೊತ್ತಿನ ಅಂದಾಜು ಮಾಡುವ ಜಾಗದಲ್ಲೂ, ಭಯದ ಜಾಗದಲ್ಲೂ ಇವೆ. ಸ್ವಲ್ಪ ಒಳಗೆ ಹೋದರೆ ಭಯ ಸುಮ್ಮನಾಗುತ್ತದೆ, ಹೆಚ್ಚು ಹೋದರೆ ಅದೇ ಭಯ ಹತ್ತರಷ್ಟಾಗಿ ತಿರುಗಿ ಬೀಳುತ್ತದೆ. ದಿನವೂ ಸೇದಿದರೆ ಮಿದುಳು ಬೇಸತ್ತು ಬಾಗಿಲುಗಳನ್ನೇ ಒಳಗೆಳೆದುಕೊಳ್ಳುತ್ತದೆ. ಒಂದು ಸಾಲದೆ ಎರಡು ಬೇಕಾಗುವುದು ಅದಕ್ಕೆ.

"ಬಸ್ಸಲ್ಲಿ ಆಗಿದ್ದನ್ನ ನೀವು ಮರೆತಿದ್ದಲ್ಲ ಅಮ್ಮ" ಅಂದಳು ಡಾಕ್ಟರು. "ಅದು ನೆನಪಾಗಿ ಒಳಗೆ ಬಂದೇ ಇರ್ಲಿಲ್ಲ."

ಬಸ್ ಹತ್ತದವರನ್ನು ಬಸ್ಸಿನೊಳಗೆ ಹುಡುಕುತ್ತಿದ್ದೆ ಹಾಗಾದರೆ ಎಂದು ನನಗನ್ನಿಸಿತು. ಒಂದು ಗಳಿಗೆ ಎದೆ ಹಗುರಾಯಿತು. ಮರುಗಳಿಗೆಯೇ ಕೇಳಬೇಕಾದದ್ದನ್ನು ಕೇಳಿದೆ. ಬಿಟ್ಟ ಮೇಲೂ ಹೀಗೇ ಇದ್ದರೆ?

"ಹೊಗೆ ಹೋದ ಮೇಲೆ ಏನು ಉಳಿಯತ್ತೋ ಅದೇ ಉತ್ತರ" ಅಂದಳು. "ಗಾಂಜಾ ಇರಬಹುದು, ನಿಮ್ಮ ತಾಯಿಯ ಕಾಯಿಲೆ ಇರಬಹುದು, ಎರಡೂ ಇರಬಹುದು. ಸುಳ್ಳು ಧೈರ್ಯ ನಾನು ಹೇಳಲ್ಲ. ಬಿಡಿ, ನೋಡೋಣ."

ಒಳಗೆಳೆದುಕೊಂಡ ಬಾಗಿಲುಗಳು ಮತ್ತೆ ತಮ್ಮ ಜಾಗಕ್ಕೆ ಬರಲು ಕೆಲವು ವಾರ ಬೇಕು, ಅಲ್ಲಿಯವರೆಗೆ ನಿದ್ದೆ ಬರುವುದಿಲ್ಲ, ಸಿಟ್ಟು ಬರುತ್ತದೆ, ಬೆವರು ಬರುತ್ತದೆ, ಕೆಟ್ಟ ಕನಸು ಬರುತ್ತದೆ ಎಂದೂ ಹೇಳಿದಳು. ಒಂದೂ ಬಾಕಿ ಉಳಿಯದೆ ಎಲ್ಲ ಬಂದವು. ಚಮಚದ ಸದ್ದಿಗೆ ಮಗಳ ಜೊತೆ ಜಗಳ ಆಡಿದೆ. ಅನ್ನ ಮಣ್ಣಿನ ಹಾಗಿತ್ತು. ಬೆಳಗಿನ ಜಾವ ಸ್ವಲ್ಪ ಕಣ್ಣು ಹತ್ತಿದರೆ ಅಮ್ಮ ಬರುತ್ತಿದ್ದಳು. ಈ ಸಲ ಯೂನಿಫಾರ್ಮು ಅವಳ ಮೈಮೇಲೆ, ಟಿಕೆಟ್ ಹುಡುಕುವವಳು ನಾನು. ಒದ್ದೆ ದಿಂಬಿನಿಂದ ಎದ್ದು ಕೂತು, ನಿನ್ನೆ ಏನು ತಿಂದೆ, ಯಾರು ಬಂದಿದ್ದರು, ಮಗಳು ಯಾವ ಬಣ್ಣದ ಬಟ್ಟೆ ಹಾಕಿದ್ದಳು ಎಂದು ನನ್ನನ್ನೇ ತನಿಖೆ ಮಾಡಿಕೊಳ್ಳುತ್ತಿದ್ದೆ. ಒಂದು ಉತ್ತರ ತಡವಾದರೂ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ. ಮೊದಲಾದರೆ ಹೊಗೆಯ ಮೇಲೆ ತಪ್ಪು ಹೊರಿಸಬಹುದಿತ್ತು. ಈಗ ಮರೆತದ್ದೆಲ್ಲ ನೇರವಾಗಿ ನನ್ನದೇ ಲೆಕ್ಕಕ್ಕೆ.

ಸಡನ್ ಬ್ರೇಕ್ ಒಂದು ದಿನ ಬಾಗಿಲಿಗೇ ಬಂದ. ಮಗಳು ಕೆಲಸಕ್ಕೆ ಹೋಗಿದ್ದಳು. ಪಾಪ, ನನ್ನ ಮುಖ ನೋಡಿ ಅವನಿಗೆ ನಿಜವಾಗಿಯೂ ಕರುಳು ಚುರುಕ್ಕೆಂದಿತು. ಸ್ವಲ್ಪ ತಗೋ ತಂಗಿ, ಪೂರ್ತಿ ಬಿಡೋದು ಯಾಕೆ ಎಂದು ಪೊಟ್ಟಣ ಚಾಚಿದ. ನನ್ನ ಕೈ ಅರ್ಧ ದಾರಿ ಹೋಗಿತ್ತು. ಅಮಲೇರಲಿ ಎಂದು ಹೋಗಲಿಲ್ಲ ಆ ಕೈ. ಒಂದೇ ಒಂದು ದಮ್ಮು ಎಳೆದರೆ ಮತ್ತೆ ಏನೂ ತಿಳಿಯದ ಹಾಗೆ ಆಗುತ್ತದಲ್ಲ, ಆ ಆಸೆಗೆ ಹೋಗಿತ್ತು. ಅಡುಗೆಮನೆಯ ಸಿಂಕಿನ ಅಂಚು ಹಿಡಿದುಕೊಂಡ ಮಗಳ ಕೈ ಕಣ್ಣ ಮುಂದೆ ಬಂತು. ಮುಂದಿನ ನಿಲ್ದಾಣದಲ್ಲಿ ಇಳ್ಕೋ ಅಣ್ಣ ಎಂದು ಬಾಗಿಲು ಹಾಕಿಕೊಂಡೆ. ಒಳಗೆ ಬಂದು ಬಾಗಿಲ ಹಿಂದೆಯೇ ಕುಸಿದು ಕೂತು ಅತ್ತೆ.

ಮತ್ತೆ ಡಾಕ್ಟರ ಹತ್ತಿರ ಹೋಗುವ ದಿನ ಬಂತು. ಈ ಸಲದ ಐದು ಪದಗಳೇ ಬೇರೆ. ಕೇಳಿದಾಗ ನಾಲ್ಕು ಬಂದವು, ಒಂದು ಬರಲಿಲ್ಲ. ನಾಲಿಗೆಯ ತುದಿಯಲ್ಲಿ ಮಾತ್ರ ತುರಿಸುತ್ತಿತ್ತು. ಡಾಕ್ಟರು ನಕ್ಕಳು. ತುಂಬಾ ಸುಧಾರಿಸಿದೆ, ಸ್ಕ್ಯಾನಿನಲ್ಲೂ ಹೆದರುವಂಥದ್ದು ಕಾಣುತ್ತಿಲ್ಲ, ಇವತ್ತಿಗೆ ನಾನು ಯಾವ ಕಾಯಿಲೆಯ ಹೆಸರನ್ನೂ ಹೇಳುವುದಿಲ್ಲ, ಹೊಗೆಯ ಕಡೆ ಮತ್ತೆ ಹೋಗಬೇಡಿ, ಆರು ತಿಂಗಳು ಬಿಟ್ಟು ಬನ್ನಿ ಅಂದಳು. ಮಗಳು ನನ್ನ ಬೆನ್ನು ಸವರಿದಳು. ನನಗೆ 'ಇವತ್ತಿಗೆ' ಎನ್ನುವುದೊಂದೇ ಮುಳ್ಳಿನ ಹಾಗೆ ಚುಚ್ಚಿಕೊಂಡಿತು. ಬಾರದ ಆ ಐದನೆಯ ಪದ ಬೇರೆ. ಅಮ್ಮನಿಗೂ ಮೊದಮೊದಲು ಒಂದೊಂದೇ ಅಲ್ಲವೇ ಹೋದದ್ದು?

ಮನೆಗೆ ಬಸ್ ಹತ್ತಿದೆವು. ಪಾಸು ಇರಲಿಲ್ಲವಾದ್ದರಿಂದ ಎಲ್ಲರ ಹಾಗೆ ಟಿಕೆಟ್ ತೆಗೆದುಕೊಂಡೆ, ಮಗಳದ್ದನ್ನು ಅವಳ ಕೈಗೆ ಕೊಟ್ಟೆ. ಅವಳಿಗೆ ಮುಂದೆ ಜಾಗ ಸಿಕ್ಕಿತು, ನನಗೆ ಹಿಂದೆ ಕಿಟಕಿಯ ಪಕ್ಕ. ಐದನೆಯ ಪದವನ್ನು ಹುಡುಕುತ್ತ ಕೂತಿದ್ದೆ. ಮಾರುಕಟ್ಟೆಯ ನಿಲ್ದಾಣದಲ್ಲಿ ಚೆಕಿಂಗ್ ಹತ್ತಿತು. ನಾನೇ ಕೆಲಸ ಕಲಿಸಿದ ಹುಡುಗಿ. ನನ್ನನ್ನು ಕಂಡು ಅವಳ ಮುಖ ಅರಳಿತು, ಆದರೂ ಸೀಟು ಬಿಡದೆ ಒಬ್ಬೊಬ್ಬರನ್ನೇ ನೋಡಿಕೊಂಡು ಬಂದು ನನ್ನ ಮುಂದೆ ಕೈ ಚಾಚಿದಳು. ಗುರುತಿನವರನ್ನು ಬಿಟ್ಟರೆ ಕೆಲಸ ಬಿಟ್ಟ ಹಾಗೆ ಎಂದು ಕಲಿಸಿದ್ದೂ ನಾನೇ.

ಕೈ ಜೇಬಿಗೆ ಹಾಕಿದೆ. ಟಿಕೆಟ್ ಇರಲಿಲ್ಲ. ಇನ್ನೊಂದು ಜೇಬಿನಲ್ಲಿ ಇರಲಿಲ್ಲ. ಚೀಲದಲ್ಲಿ, ಕನ್ನಡಕದ ಡಬ್ಬಿಯಲ್ಲಿ, ಗಡಿಯಾರದ ಪಟ್ಟಿಯ ಕೆಳಗೆ, ಎಲ್ಲೂ ಇರಲಿಲ್ಲ. ಬೆರಳುಗಳು ಬಟ್ಟೆಯ ಮಡಿಕೆಗಳಲ್ಲಿ ಹುಡುಕತೊಡಗಿದವು, ಹುಡುಕಿದ ಕಡೆಯೇ ಮತ್ತೆ ಹುಡುಕಿದವು. ಅಮ್ಮನ ಬೆರಳುಗಳು ಹೀಗೆಯೇ ಓಡಾಡುತ್ತಿದ್ದವು. ತಲೆಯೆತ್ತಿದರೆ ಮಗಳು ಮುಂದಿನ ಸೀಟಿನಿಂದ ಎದ್ದು ನಿಂತಿದ್ದಳು. ಅವಳೂ ಆ ಬೆರಳುಗಳನ್ನೇ ನೋಡುತ್ತಿದ್ದಳು.

"ತಗೊಂಡಿದ್ದೆ ಕಣಮ್ಮ" ಅಂದೆ ನಾನು. ನನ್ನ ದನಿ ನನ್ನದಾಗಿರಲಿಲ್ಲ. "ನೆನಪಿದೆ ನಂಗೆ."

ಹುಡುಗಿಯ ಕಣ್ಣಲ್ಲಿ ನೀರು ಬಂತು. ಆದರೂ ಕಲಿತ ಪಾಠ ಬಿಡಲಿಲ್ಲ. "ನೆನಪು ಟಿಕೆಟ್ಟಲ್ಲ, ಮೇಡಂ" ಅಂದಳು, ಮೆಲ್ಲಗೆ.

ಆ ಮಾತು ಕೆನ್ನೆಗೆ ಬಿದ್ದ ಹಾಗಾಗಿ ನಾನು ಎಚ್ಚರಗೊಂಡೆ. ನೆನಪಿದೆ ಎಂದು ಬಾಯಿಗೆ ಬಂದದ್ದು ಅಂದಿದ್ದೆ. ಈಗ ಕಣ್ಣು ಮುಚ್ಚಿ ನಿಜವಾಗಿಯೂ ಒಳಗೆ ನೋಡಿದೆ. ಅಲ್ಲಿ ಎಲ್ಲ ಇತ್ತು. ಕಂಡಕ್ಟರ್ ಬಾಗಿಲ ಹತ್ತಿರ ಕಂಬಕ್ಕೆ ಒರಗಿದ್ದ. ಅವನ ಬಲಗೈ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು, ಯಾವುದೋ ಬಾಗಿಲಿಗೆ ಸಿಕ್ಕಿರಬೇಕು. ಟಿಕೆಟ್ಟಿನ ಕಟ್ಟಿಗೆ ಹಾಕಿದ್ದ ರಬ್ಬರ್ ಬ್ಯಾಂಡು ಹರಿದು ಗಂಟು ಹಾಕಿದ್ದದ್ದು, ಕೆಂಪು ಬಣ್ಣದ್ದು. ಎರಡನೆಯ ಟಿಕೆಟ್ಟನ್ನು, ಅಂದರೆ ನನ್ನದನ್ನು, ಹರಿಯುವಾಗ ಅದರ ಒಂದು ಮೂಲೆ ಕಟ್ಟಿನಲ್ಲೇ ಉಳಿಯಿತು, ಅವನು ಥೂ ಅಂದು, ನಡೀತದೆ ತಗೊಳ್ಳಿ ಅಮ್ಮ ಎಂದು ನನ್ನ ಕೈಗಿಟ್ಟ. ಆಗ ಕಿಟಕಿಯ ಹೊರಗೆ ಯಾರೋ ಸೈಕಲ್ಲಿನಲ್ಲಿ ಗಾಜಿನ ಹಲಗೆ ಒಯ್ಯುತ್ತಿದ್ದರು, ಬಿಸಿಲು ಬಸ್ಸಿನೊಳಗೆಲ್ಲ ಒಮ್ಮೆ ಓಡಾಡಿಹೋಯಿತು.

ಇಷ್ಟನ್ನೂ ಗಟ್ಟಿಯಾಗಿ ಹೇಳಿದೆ. ಕಂಡಕ್ಟರ್ ಮುಂದಿನಿಂದ ಬಂದು ತನ್ನ ಕಟ್ಟನ್ನು ತಿರುಗಿಸಿ ನೋಡಿದ. ಕೆಂಪು ರಬ್ಬರ್ ಬ್ಯಾಂಡಿನ ಗಂಟಿನ ಹತ್ತಿರ ಹರಿದ ಮೂಲೆಯೊಂದು ಅಂಟಿಕೊಂಡೇ ಇತ್ತು. ಅವನು ಅದನ್ನು ಕಪ್ಪು ಉಗುರಿನ ಬೆರಳಿನಿಂದ ಎತ್ತಿ ಹಿಡಿದ.

ಮಗಳು ಜನರನ್ನು ತಳ್ಳಿಕೊಂಡು ಬಂದು ನನ್ನ ಪಕ್ಕ ಕೂತಳು, ನನ್ನ ಭುಜಕ್ಕೆ ಮುಖ ಒತ್ತಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ. ಹುಡುಗಿ ತನ್ನ ದಂಡದ ಪುಸ್ತಕ ಮುಚ್ಚಿ, ಪರವಾಗಿಲ್ಲ ಮೇಡಂ, ಸಾಕ್ಷಿ ಇದೆಯಲ್ಲ ಅಂದಳು. ನಾನು ಬಿಡಲಿಲ್ಲ. ಟಿಕೆಟ್ ಕೈಯಲ್ಲಿಲ್ಲ ಅಂದರೆ ದಂಡ, ಬರಿ ಅಂದೆ. ಅವಳು ಬರೆದು, ರಸೀದಿ ಹರಿದು, ಜೇಬಿನಿಂದ ಪಂಚ್ ತೆಗೆದು ಒತ್ತಿದಳು. ಅರ್ಧಚಂದ್ರ ಬಿತ್ತು. ನನ್ನ ಪಂಚನ್ನು ಕಚೇರಿಯವರು ಅವಳಿಗೆ ಕೊಟ್ಟಿದ್ದರು.

"ಎಲ್ಲಿ ಹೋಯ್ತಮ್ಮ ಟಿಕೆಟ್ಟು?" ಎಂದು ಮಗಳು ಕೇಳಿದಳು, ಮೂಗು ಒರೆಸಿಕೊಳ್ಳುತ್ತ.

"ಕಳೆದುಹೋಯ್ತು" ಅಂದೆ. ಕಳೆದದ್ದು ಟಿಕೆಟ್ಟು ಮಾತ್ರ.